ಕರ್ಣವೇಧ

ಷೋಡಶಸಂಸ್ಕಾರಗಳ ಕೆಲವು ಪಟ್ಟಿಗಳಲ್ಲಿ ಕರ್ಣವೇಧವೂ ಸೇರಿದೆ. ನಾಮಕರಣದಲ್ಲಿಯೂ ಅನ್ನಪ್ರಾಶನದಲ್ಲಿಯೂ ಮಗು ಅತ್ತರೆ ಅಳಬಹುದು, ಬಿಟ್ಟರೆ ಬಿಡಬಹುದು. ಇದರಲ್ಲಿ ಅಳದೆ ಗತಿಯಿಲ್ಲ. ಬಾಯಿಬಾರದ ಶಿಶುವಿನ ಅಂಗವನ್ನು ಚುಚ್ಚಿಸುವ ಅಧಿಕಾರವು ತಾಯಿತಂದೆಗಳಿಗೆ ಎಲ್ಲಿಂದ ಬಂದಿತೆಂದು ಯಾರಾದರೂ ಕೇಳಿದರೆ, ಶಾಸ್ತ್ರದಿಂದ ಬಂದಿತೆಂಬ ಉತ್ತರವು ಸಿದ್ಧವಾಗಿರುತ್ತದೆ.

ಆ ಶಾಸ್ತ್ರವನ್ನೇ ನೋಡಬಹುದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಈ ವಿಷಯಕ್ಕೆ ಮೀಸಲಾಗಿದೆ. ರಕ್ಷಣೆ, ಅಲಂಕಾರ, ಇವೆರಡೇ ಅಲ್ಲಿ ಹೇಳಿರುವ ಉದ್ದೇಶಗಳು. ಆರನೆಯ ಇಲ್ಲವೆ ಏಳನೆಯ ತಿಂಗಳಲ್ಲಿ ಮಗುವನ್ನು ದಾದಿಯ ತೊಡೆಯ ಮೇಲೆ ಕುಳ್ಳಿರಿಸಿ, ಆಟದ ಸಾಮಾನುಗಳಿಂದ ಮರುಳುಗೊಳಿಸಿ, ಹಾಲೆಯನ್ನು ಎಡಗೈಯಿಂದ ಎಳೆದು ಹಿಡಿದು, ಬಿಸಿಲು ತೂರಿ ತೋರುವ ಎಡೆಯನ್ನು ಗುರುತಿಸಿ ಮೆಲ್ಲನೆ ಚುಚ್ಚಬೇಕು. ತೆಳುವಾದ ಕಿವಿಗೆ ಸೂಜಿ, ದಪ್ಪನಾದುದಕ್ಕೆ ದಬ್ಬಳ. ಬಳಿಕ ಹತ್ತಿಯ ಬತ್ತಿಯನ್ನಿಟ್ಟು ಎಣ್ಣೆ ಸವರಬೇಕು. ರಕ್ತವೂ ನೋವೂ ಮಿತಿಮೀರಿದರೆ ತಪ್ಪಾದ ಎಡೆಯನ್ನು ಚುಚ್ಚಿದಂತೆ ತಿಳಿಯಬೇಕು. ಹರಿದ ಹಾಲೆಯನ್ನು ಕೂಡಿಸುವ 15 ವಿಧಾನಗಳನ್ನೂ ಅದೇ ಅಧ್ಯಾಯವು ಹೇಳುತ್ತದೆ. ಆರತಿಯೆತ್ತುವ ಮನೆಯವರಿಗಿಂತ ಆ ವೈದ್ಯನಿಗೇ ಮಗುವಿನ ಚಿಂತೆ ಹೆಚ್ಚಾಗಿದ್ದಂತೆ ಕಾಣುತ್ತದೆ. ಗಂಡುಮಗುವಿಗೆ ಮೊದಲು ಬಲಗಿವಿ, ಹೆಣ್ಣಿಗೆ ಎಡಗಿವಿ. ವಿಧಿಯಂತೂ ಇಬ್ಬರಿಗೂ ಉಂಟು.

ಚುಚ್ಚಿಸಿಕೊಳ್ಳುವವನು ಒಪ್ಪಿದರೆ ದೋಷವಿಲ್ಲವೆಂಬುದು ಇನ್ನೊಂದು ಪಕ್ಷ. ಅದೂ ಅಷ್ಟು ಸುಲಭವಲ್ಲ. ಹೀಬ್ರೂ ಜನರ ವಿಮೋಚನಕಾಂಡದ 21ನೆಯ ಅಧ್ಯಾಯದಂತೆ ದಾಸನಾದವನು ಆರು ವರ್ಷ ದುಡಿದು ಏಳನೆಯ ವರ್ಷ ಬಿಡುಗಡೆ ಹೊಂದುವನು. ಯಜಮಾನನನ್ನೂ ಹೆಂಡಿರುಮಕ್ಕಳನ್ನೂ ಬಿಟ್ಟಿರಲಾರೆನೆಂದು ಅವನೇ ಹೇಳಿದರೆ, ಬಾಗಿಲ ಬಳಿ ಕಿವಿಯನ್ನು ದಬ್ಬಳದಿಂದ ಚುಚ್ಚಲಾಗುವುದು. ಅಲ್ಲಿಂದ ಮುಂದೆ ಅವನು ಸದಾಕಾಲದ ದಾಸ. ಸಮ್ಮತಿಯೇನೋ ಇದೆ. ಆದರೆ ಯಜಮಾನನು ಕೊಟ್ಟ ಹೆಂಡತಿಯೂ ಅವಳ ಮಕ್ಕಳೂ ಯಜಮಾನನ ಸೊತ್ತು. ಬಿಡುಗಡೆ ಬೇಕಾದರೆ ಅವನು ಒಬ್ಬನೇ ಹೊರಡಬೇಕು. ಅಂತಹ ಸಮ್ಮತಿಯ ಬೆಲೆಯೆಷ್ಟು? ಇತ್ತ ಕನ್ನಡನಾಡಿನಲ್ಲಿ, ಹಿಂದೆ ಹುಟ್ಟಿದ ಮಕ್ಕಳು ಉಳಿಯದಿದ್ದಾಗ, ಆಮೇಲೆ ಹುಟ್ಟಿದ ಕೂಸಿಗೆ ತಿಪ್ಪನೆಂದು ಹೆಸರಿಟ್ಟು ಮೂಗು ಚುಚ್ಚಿಸುತ್ತಿದ್ದರು. ಕುರೂಪವೆಂದು ಮೃತ್ಯುವು ಅಸಹ್ಯಪಟ್ಟು ಬಿಟ್ಟುಹೋಗಲೆಂದು. ಅಲ್ಲಿ ಸಮ್ಮತಿಯಿಲ್ಲ, ಆದರೂ ಆ ತಾಯಿಯನ್ನು ಕ್ರೂರಿಯೆನ್ನಲು ಯಾರಿಗೂ ನಾಲಗೆ ಬಾರದು.

ಹಾಗಾದರೆ ತಪ್ಪೆಲ್ಲಿ? ಗಂಡುಮಕ್ಕಳ ಕಿವಿಗಳನ್ನು ನೋಡಿದರೆ ಅದು ತಿಳಿಯುತ್ತದೆ. ಒಂಟಿ, ಹತ್ತಕಡಕುಗಳನ್ನಿಟ್ಟ ಗಂಡಸರು ಒಂದು ಕಾಲಕ್ಕೆ ಊರೂರಿನಲ್ಲಿದ್ದರು. 20ನೆಯ ಶತಮಾನದಲ್ಲಿ ಅನೇಕ ಮನೆಗಳವರು ಗಂಡುಮಗುವಿನ ಕಿವಿಯನ್ನು ಚುಚ್ಚಿಸದೆ ಬಿಟ್ಟರು. ಅದಕ್ಕಾಗಿ ಪ್ರಾಯಶ್ಚಿತ್ತವನ್ನೂ ಮಾಡಿಕೊಳ್ಳಲಿಲ್ಲ, ರಕ್ಷೆ ತಪ್ಪಿತೆಂದು ಹೆದರಲೂ ಇಲ್ಲ. ಅದೇ ಮನೆಯಲ್ಲಿ ಹೆಣ್ಣುಮಗುವಿನ ಸರದಿ ಬಂದಾಗ ಮಾತ್ರ ಶಾಸ್ತ್ರವು ನೆನಪಾಗುತ್ತದೆ. ಮೂಗುಬೊಟ್ಟಿಗಂತೂ ಆ ಆಸರೆಯೂ ದುರ್ಬಲ. ಪ್ರಾಚೀನ ಶಿಲ್ಪಗಳ ಸ್ತ್ರೀಯರು ಕಿವಿತುಂಬ ಕುಂಡಲ ಧರಿಸಿದ್ದರೂ ಅವರ ಮೂಗು ಬರಿದಾಗಿಯೇ ಇದೆ.

ಎಳೆಯ ಕಿವಿಗೆ ನೋವು ಕಡಮೆ, ಅದು ಬೇಗ ಮರೆತೂಹೋಗುವುದೆಂದು ಹಿರಿಯ ಹೆಂಗಸರು ಹೇಳುವ ಮಾತನ್ನು ತಳ್ಳಿಹಾಕಲಾಗದು. ಆದರೆ ಮರೆತುಹೋಗುವ ನೋವೆಂಬುದರಿಂದ ಕೊಡುವ ಹಕ್ಕು ಹುಟ್ಟಲಾರದು. ಬೆಳೆದ ಹುಡುಗಿಯು ಬೇಕೆಂದಾಗ ಅಕ್ಕಸಾಲಿಗನೂ ಸಿಗುತ್ತಾನೆ, ಶುದ್ಧವಾದ ಸೂಜಿ ಹಿಡಿದ ವೈದ್ಯನೂ ಸಿಗುತ್ತಾನೆ. ಅಲ್ಲಿಯವರೆಗೆ ಅಜ್ಜಿಯ ಓಲೆಗಳು ಪೆಟ್ಟಿಗೆಯಲ್ಲಿದ್ದರೆ ಬಂಗಾರವೇನೂ ಸವೆಯುವುದಿಲ್ಲ.