ತುಂಬಿದ ಕೊಡದ ಸುದ್ದಿ

ನನ್ನ ಜೀವನದ ಮೊದಲ ಬೈಲೈನ್‌ಗೋಸ್ಕರ ನಾನು ಒಂದು ಕೊಡ ನೀರು ಚೆಲ್ಲಿಸಿದ್ದೇನೆ. ರೂಪಕ ಗೀಪಕ ಅಲ್ಲ, ನಿಜವಾದ ಕುಡಿಯೋ ನೀರು. ಏಪ್ರಿಲ್ ತಿಂಗಳು, ರಾಯಚೂರು ಜಿಲ್ಲೆಯ ಬಿಸಿಲು, ಮಾನ್ವಿ ತಾಲ್ಲೂಕಿನ ನಮ್ಮೂರು ಹಿರೇಕೊಟ್ನೆಕಲ್.

ಆಗ ನಾನು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸಂವಹನ ಮತ್ತು ಪತ್ರಿಕೋದ್ಯಮದ ಎಂ.ಎ. ಓದ್ತಿದ್ದೆ. ವಿಭಾಗದಿಂದ ಒಂದು ಪ್ರಾಯೋಗಿಕ ಪತ್ರಿಕೆ ಬರ್ತಿತ್ತು. "ಅವರವರ ಊರಿಗೆ ಹೋಗಿ, ಮನ ಮುಟ್ಟುವಂಥ ಒಂದು ವರದಿ ಫೋಟೋ ಸಮೇತ ತನ್ನಿ" ಅಂತ ಅಸೈನ್‌ಮೆಂಟ್. ನನಗೆ ಖುಷಿಯೋ ಖುಷಿ. ನಮ್ಮೂರಿನ ಕಡೆ ಮನ ಮುಟ್ಟುವ ಸುದ್ದಿಗೇನು ಬರವೇ? ಬರವೇ ಒಂದು ಸುದ್ದಿ.

ಗೊತ್ತಿಲ್ಲದವರಿಗೆ ಸ್ವಲ್ಪ ಭೂಗೋಳ. ಮುನಿರಾಬಾದ್ ಹತ್ತಿರದ ತುಂಗಭದ್ರಾ ಅಣೆಕಟ್ಟೆಯಿಂದ ಎಡದಂಡೆ ಕಾಲುವೆ ಹೊರಡುತ್ತೆ. ಗಂಗಾವತಿ, ಸಿಂಧನೂರು ದಾಟಿ, ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದು ನಮ್ಮ ಮಾನ್ವಿ, ರಾಯಚೂರು ಕಡೆ ಬರಬೇಕು. "ಬರಬೇಕು" ಅನ್ನೋದನ್ನ ಗಮನಿಸಿ. ಕಡಿಮೆ ನೀರಿನ ಬೆಳೆಗಳಿಗೆ ಅಂತ ಲೆಕ್ಕ ಹಾಕಿದ್ದ ಜಮೀನಲ್ಲೂ ಮೇಲಿನವರು ಭತ್ತ ಹಾಕಿದರು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ, ಕೊನೆಭಾಗದಲ್ಲಿ ಅರ್ಜಿ, ಧರಣಿ, ರಸ್ತೆ ತಡೆ. ಬೇಸಿಗೆಯಲ್ಲಂತೂ ಕಾಲುವೆ ಬಂದ್. ಬಹಳ ಕಡೆ ಬೋರಿನ ನೀರು ಸವಳು, ಬಾಯಿಗೆ ಹಾಕೋಕಾಗಲ್ಲ.

ಅವತ್ತು ನಮ್ಮ ಓಣಿಯ ದೊಡ್ಡವ್ವ ಎದುರಿಗೆ ಬಂದಳು. ಸಂಬಂಧದಲ್ಲಿ ದೊಡ್ಡವ್ವ ಅಲ್ಲ, ಓಣಿಗೆಲ್ಲ ದೊಡ್ಡವ್ವ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಕೊಡ. ಹಿಂದೆ ಬಿರುಕು ಬಿಟ್ಟ ಎರೆಭೂಮಿ. ಚೌಕಟ್ಟು ಪರ್ಫೆಕ್ಟ್. ಒಂದೇ ತೊಂದರೆ, ಕೊಡ ತುಂಬಿತ್ತು.

"ದೊಡ್ಡವ್ವ, ಕೊಡ ಸ್ವಲ್ಪ ಖಾಲಿ ಮಾಡ್ತಿಯೇನು? ಖಾಲಿ ಕೊಡ ಹಿಡ್ಕೊಂಡು ಆ ಕಡಿ ನೋಡು. ನೀರಿನ ತ್ರಾಸು ಜನಕ್ಕ ಗೊತ್ತಾಗ್ಲಿ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. "ನೀರ್ ಚೆಲ್ಲಿದ್ರ ನೀರ್ ಬರ್ತಾವೇನಪ್ಪಾ?" ಅಂದಳು. ನಾನು ನಕ್ಕೆ. ಅವಳೂ ನಕ್ಕು, ಕೊಡ ಬಗ್ಗಿಸಿದಳು. ಓದಿದ ಹುಡುಗ ಹೇಳ್ತಾನೆ ಅಂದ್ರೆ ಏನೋ ಇರಬೇಕು ಅನ್ನೋ ನಂಬಿಕೆ.

ಫೋಟೋ ಅಚ್ಚಾಯ್ತು. ಕೆಳಗೆ "ನೀರಿಗಾಗಿ ಪರದಾಡುತ್ತಿರುವ ಮಹಿಳೆ" ಅಂತ ಅಡಿಬರಹ. ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು, ಊರಿನ ಸಮೇತ. ಅವಳ ಹೆಸರು ಎಲ್ಲೂ ಇಲ್ಲ. ಒಳ್ಳೇ ಅಂಕ ಬಂತು.

ನಮ್ಮ ಮಾನ್ವಿ ಸೀಮೆ ದಾಸರ ಸೀಮೆ. ಚೀಕಲಪರ್ವಿಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರು ಇಲ್ಲಿಯವರೇ. ಅವರು ತಾವು ಬರೆದ ಹಾಡಿಗೂ ತಮ್ಮ ಹೆಸರನ್ನಷ್ಟೇ ಹಾಕಿ ಬಿಡಲಿಲ್ಲ. "ವಿಜಯ ವಿಠಲ", "ಜಗನ್ನಾಥ ವಿಠಲ" ಅಂತ ಅಂಕಿತ ಹಾಕಿ, ಹಾಡು ಯಾರಿಗೆ ಸೇರಬೇಕೋ ಅವನ ಹೆಸರಲ್ಲಿ ಮುಗಿಸಿದರು. ಭಕ್ತಿ ಬದಿಗಿಡಿ, ಅಂಕಿತದ ಹಿಂದೆ ಒಂದು ಪ್ರಶ್ನೆ ಇದೆ: ಈ ಮಾತು ಯಾರ ಸೊತ್ತು? ಬೈಲೈನ್ ಕಲಿಸುವ ತರಗತಿಯಲ್ಲಿ ನಾವು ಈ ಪ್ರಶ್ನೆ ಕೇಳಲೇ ಇಲ್ಲ.

ಹಾಗಂತ ನೀತಿ ಕಲಿಸಲಿಲ್ಲ ಅಂತಲ್ಲ. ಪ್ರೆಸ್ ಕೌನ್ಸಿಲ್, 1978ರ ಕಾಯ್ದೆ, ಪತ್ರಕರ್ತರ ನಡವಳಿಕೆಯ ಸೂತ್ರಗಳು, ಎಲ್ಲ ಬಾಯಿಪಾಠ ಮಾಡಿದ್ದೆ. ಹತ್ತು ಅಂಕದ ಪ್ರಶ್ನೆ ಅದು. ಅಂಕಕ್ಕೆ ಓದಿದ ನೀತಿ ಉತ್ತರಪತ್ರಿಕೆಯಲ್ಲೇ ಉಳಿಯಿತು, ಓಣಿಗೆ ಬರಲಿಲ್ಲ.

ಬಹಳ ದಿನ ನನ್ನ ಹತ್ತಿರ ಒಂದು ಸಮರ್ಥನೆ ಇತ್ತು. ಬರ ಸುಳ್ಳಲ್ಲ. ನೀರಿನ ತ್ರಾಸು ಸುಳ್ಳಲ್ಲ. ಆ ಕೊಡ ಅರ್ಧ ಗಂಟೆ ಮೊದಲು ಖಾಲಿಯೇ ಇತ್ತು. ದೊಡ್ಡ ಸತ್ಯಕ್ಕೋಸ್ಕರ ಸಣ್ಣ ಹೊಂದಾಣಿಕೆ, ತಪ್ಪೇನು?

ಇದೇ ಸಮರ್ಥನೆಯ ಕಥೆಯೊಂದು ಅಮೆರಿಕದಲ್ಲಿ 1936ರಲ್ಲಿ ನಡೆದಿತ್ತು. ಆರ್ಥರ್ ರಾಥ್‌ಸ್ಟೀನ್ ಅನ್ನೋ ಛಾಯಾಗ್ರಾಹಕ, ಸರ್ಕಾರಿ ಸಂಬಳದವನು, ಸೌತ್ ಡಕೋಟಾದ ಬರ ತೋರಿಸಲು ಹೋಗಿದ್ದ. ಅಲ್ಲೊಂದು ದನದ ತಲೆಬುರುಡೆ ಸಿಕ್ಕಿತು. ಅದನ್ನ ಸ್ವಲ್ಪ ಆಚೀಚೆ ಇಟ್ಟು, ಬಿರುಕು ಬಿಟ್ಟ ನೆಲದ ಮೇಲೂ ಚಿತ್ರ ತೆಗೆದ. ಬರ ನಿಜ, ಬುರುಡೆ ನಿಜ, ನೆಲವೂ ನಿಜ. ಆದರೆ ಬುರುಡೆ ಜಾಗ ಬದಲಿಸಿದ್ದು ಬಯಲಾದ ಕೂಡಲೇ, ಚುನಾವಣೆಯ ವರ್ಷ ಬೇರೆ, ರೂಸ್‌ವೆಲ್ಟ್ ವಿರೋಧಿಗಳು "ಚಿತ್ರವೇ ನಕಲಿ" ಅಂತ ಗದ್ದಲ ಎಬ್ಬಿಸಿದರು. ಬುರುಡೆಯ ಚರ್ಚೆಯಲ್ಲಿ ಬರ ಹಿಂದೆ ಸರಿಯಿತು. ಅಂದರೆ ಸಣ್ಣ ಸುಳ್ಳಿನ ದಂಡ ಕಟ್ಟುವವನು ಸುಳ್ಳು ಹೇಳಿದವನಲ್ಲ, ಯಾರ ಕಷ್ಟದ ಹೆಸರಲ್ಲಿ ಹೇಳಿದನೋ ಅವರು.

ಆದರೆ ನನ್ನ ತಪ್ಪು ಇನ್ನೂ ಒಂದು ಹೆಜ್ಜೆ ಆಳದ್ದು ಅಂತ ಈಗ ಅನ್ನಿಸುತ್ತೆ. ನಾನು ಚೆಲ್ಲಿಸಿದ್ದು ನೀರನ್ನಷ್ಟೇ ಅಲ್ಲ, ಸುದ್ದಿಯನ್ನೇ ಚೆಲ್ಲಿಸಿದೆ. ಆ ಕೊಡ ಹೇಗೆ ತುಂಬಿತು ಅಂತ ನಾನು ಕೇಳಲೇ ಇಲ್ಲ. ಕೇಳಿದ್ದರೆ ಗೊತ್ತಾಗ್ತಿತ್ತು: ಊರಾಚೆ ಒಬ್ಬರ ಹೊಲದ ಬೋರಿನಲ್ಲಿ ಮಾತ್ರ ಸಿಹಿನೀರು. ತ್ರೀ ಫೇಸ್ ಕರೆಂಟ್ ಬಂದಾಗಷ್ಟೇ ಮೋಟರ್ ಓಡುತ್ತೆ. ಕರೆಂಟ್ ಯಾವಾಗ ಬರುತ್ತೋ ಅಂತ ಹೆಂಗಸರು ನಸುಕಿನಿಂದ ಬೇವಿನ ಮರದ ಕೆಳಗೆ ಕೂತಿರ್ತಾರೆ. ಅವತ್ತು ಕೂಲಿಗೆ ಹೋಗಕ್ಕಾಗಲ್ಲ. ಒಂದು ಕೊಡ ನೀರಿಗೆ ಒಂದು ದಿನದ ಕೂಲಿ ಬೆಲೆ. ವರದಿ ಅಂದ್ರೆ ಅದು. ಅಧಿಕಾರಿಯನ್ನ ಕೇಳಬಹುದಾದ ಪ್ರಶ್ನೆಗಳೆಲ್ಲ ಆ ತುಂಬಿದ ಕೊಡದೊಳಗೆ ಇದ್ದವು. ಖಾಲಿ ಕೊಡದಲ್ಲಿ ಇದ್ದದ್ದು ಬರೀ ಅಯ್ಯೋ ಪಾಪ. ಬುದ್ಧಿ ಖರ್ಚು ಮಾಡಿ, ಬಿಸಿಲಲ್ಲಿ ಕಾದು ನೀರು ಗೆದ್ದು ತಂದ ಹೆಂಗಸನ್ನ ನಾನು ಕೈಲಾಗದವಳನ್ನಾಗಿ ನಿಲ್ಲಿಸಿದ್ದೆ.

ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯದ ಮಾತು ಬರಲೇಬೇಕು. ನನ್ನ ಸೀಟು ಆಕಾಶದಿಂದ ಬಿದ್ದದ್ದಲ್ಲ. 2013ರಲ್ಲಿ ಜಾರಿಗೆ ಬಂದ 371(ಜೆ) ಪ್ರಕಾರ ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಶೇ. 70ರಷ್ಟು ಸೀಟು ನಮ್ಮವರಿಗೆ. ಅದಕ್ಕಾಗಿ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ನಾನು ಕಟ್ಟಿದ ಶುಲ್ಕ ಬೆಂಗಳೂರಿನ ನನ್ನ ಈಗಿನ ಒಂದು ತಿಂಗಳ ಪಿ.ಜಿ. ಬಾಡಿಗೆಗೂ ಸಾಲಲ್ಲ. ಉಳಿದದ್ದನ್ನ ಯಾರು ಕೊಟ್ಟರು? ಸೋಪು, ಕಡ್ಡಿಪೆಟ್ಟಿಗೆ, ಚಪ್ಪಲಿ ಕೊಂಡಾಗಲೆಲ್ಲ ದೊಡ್ಡವ್ವನೂ ತೆರಿಗೆ ಕಟ್ಟಿದ್ದಾಳೆ. ನನ್ನ ಕ್ಯಾಮೆರಾ ಕ್ಲಾಸಿನ ಫೀಸು ಕಟ್ಟಿದವರಲ್ಲಿ ಅವಳೂ ಒಬ್ಬಳು. ಅವಳ ದುಡ್ಡಲ್ಲಿ ಕಲಿತು, ಅವಳ ನೀರನ್ನೇ ಚೆಲ್ಲಿಸಿದೆ.

ಈ ಋಣ ತೀರಿಸೋದು ಹೇಗೆ? "ಊರಿಗೆ ವಾಪಸ್ ಹೋಗಿ ಸೇವೆ ಮಾಡಿ" ಅನ್ನೋ ಭಾಷಣ ನಾನು ಮಾಡಲ್ಲ. ಬೆಂಗಳೂರಲ್ಲಿ ಕಂಪನಿಯೊಂದರ ಕಮ್ಯುನಿಕೇಶನ್ಸ್ ಟೀಮಿನಲ್ಲಿ ಕೂತು ಅದನ್ನ ಬರೆದರೆ ನೀವೇ ನಗ್ತೀರಿ. "ದನಿ ಇಲ್ಲದವರಿಗೆ ದನಿಯಾಗೋದು" ಅನ್ನೋ ಮಾತನ್ನೂ ನಾನೀಗ ಬಳಸಲ್ಲ. ದೊಡ್ಡವ್ವನಿಗೆ ದನಿ ಇತ್ತು. ನೀರು ಚೆಲ್ಲಿದರೆ ನೀರು ಬರುತ್ತಾ ಅಂತ ಕೇಳಿದಳಲ್ಲ? ಅವಳ ಪ್ರಶ್ನೆಗೆ ನಾನು ನಕ್ಕಿದ್ದೆ, ಅಷ್ಟೇ.

ನಾನು ಕಂಡುಕೊಂಡ ಉತ್ತರ ಸಣ್ಣದು. ಯಾರ ಬಗ್ಗೆ ಬರೀತೀವೋ ಅವರೇ ಮೊದಲ ಓದುಗರಾಗಬೇಕು. ಅಚ್ಚಿಗೆ ಹೋಗೋ ಮೊದಲು ಅವರಿಗೆ ಓದಿ ಹೇಳಬೇಕು, ಚಿತ್ರ ತೋರಿಸಬೇಕು. "ಹಂಗಾದ್ರೆ ಭ್ರಷ್ಟ ಅಧಿಕಾರಿಗೂ ಓದಿ ಹೇಳಿ ಒಪ್ಪಿಗೆ ತಗೋಬೇಕಾ?" ಅಂತ ಗೆಳೆಯನೊಬ್ಬ ಕೇಳಿದ. ಬೇಡ. ಅವನಿಗೆ ಉತ್ತರ ಕೊಡೋಕೆ ಕಚೇರಿ ಇದೆ, ವಕೀಲ ಇದ್ದಾನೆ. ಅವನ ಪ್ರತಿಕ್ರಿಯೆ ಕೇಳಿದರೆ ಸಾಕು, ಅಪ್ಪಣೆ ಬೇಡ. ಅಧಿಕಾರ ಇರುವವನಿಗೂ ಇಲ್ಲದವಳಿಗೂ ಒಂದೇ ನಿಯಮ ಅಂದ್ರೆ ಅದು ನ್ಯಾಯ ಅಲ್ಲ, ಸೋಮಾರಿತನ.

ಇದು ಪತ್ರಕರ್ತರ ವಿಷಯ, ನಮಗೇನು ಅನ್ನಬೇಡಿ. ನಿಮ್ಮ ಕಂಪನಿಯ ಸಿ.ಎಸ್.ಆರ್. ವಿಡಿಯೋ ನೋಡಿ. ಹಳ್ಳಿ ಶಾಲೆಗೆ ಬ್ಯಾಗ್ ಹಂಚಿ ಹಾಕಿದ ಪೋಸ್ಟ್ ನೋಡಿ. ಆ ಮಗುವಿನ ಹಳೇ ಬ್ಯಾಗನ್ನ ಚೌಕಟ್ಟಿನಿಂದ ಆಚೆ ಇಟ್ಟವರು ಯಾರು? ಕಳೆದ ವರ್ಷ ಒಂದು ಶೂಟಿಂಗ್‌ನಲ್ಲಿ "ಅಮ್ಮ, ಸ್ವಲ್ಪ ಬೇಜಾರಾಗಿ ನಿಲ್ಲಿ" ಅನ್ನೋ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿಕೊಂಡೆ. ನಗ್ತಾ ನಿಂತಿದ್ದ ಚಿತ್ರವನ್ನೇ ಕಳಿಸಿದೆ. "ಇಂಪ್ಯಾಕ್ಟ್ ಸಾಲದು" ಅಂತ ವಾಪಸ್ ಬಂತು. ಎರಡನೇ ಸಲವೂ ಅದನ್ನೇ ಕಳಿಸಿದೆ. ಬೇರೆಯವರಿಂದ ಬೇರೆ ಫೋಟೋ ತರಿಸಿಕೊಂಡರು.

ಈ ಸಲ ಊರಿಗೆ ಹೋದಾಗ ಆ ಹಳೇ ಪ್ರಾಯೋಗಿಕ ಪತ್ರಿಕೆ ತಗೊಂಡು ಹೋಗಿದ್ದೆ. ದೊಡ್ಡವ್ವ ಅದನ್ನ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಫೋಟೋ ಚಲೋ ಬಂದೈತಪ್ಪಾ. ಆದ್ರ ನಾ ಖಾಲಿ ಕೊಡ ಹೊತ್ಕೊಂಡು ಯಾವತ್ತೂ ಮನಿಗಿ ಬಂದಾಕಿ ಅಲ್ಲ."

ಸ್ವಲ್ಪ ತಡೆದು ಕೇಳಿದೆ, "ಅವತ್ತು ಏನ್ ಮಾಡ್ದಿ?"

"ಏನ್ ಮಾಡೋದು? ನೀ ಹ್ವಾದ ಮ್ಯಾಲೆ ತಿರುಗಿ ಹೋದೆ. ಕರೆಂಟ್ ಹೋಗಿತ್ತು. ಸಂಜಿತನ ಕುಂತೆ."

ಪತ್ರಿಕೆ ಮಡಚಿ ನನ್ನ ಕೈಗೆ ಕೊಟ್ಟು, ಚಹಾಕ್ಕೆ ನೀರಿಡೋಕೆ ಒಳಗೆ ಹೋದಳು.