ನಡುವಿನ ಮಗು

ಮಕ್ಕಳೆಲ್ಲರ ಮೇಲೂ ಪ್ರೀತಿ ಒಂದೇ ಎನ್ನುವ ತಂದೆತಾಯಿ ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆ ಓದಬೇಕು. ಹಸಿದ ಅಜೀಗರ್ತನಿಗೆ ಮೂವರು ಗಂಡುಮಕ್ಕಳು. 100 ಹಸುಗಳಿಗೆ ಒಬ್ಬನನ್ನು ಯಜ್ಞಪಶುವಾಗಿ ಮಾರುವಾಗ ಹಿರಿಯನನ್ನು ಅಪ್ಪ ಬಿಡಲಿಲ್ಲ, ಕಿರಿಯನನ್ನು ಅಮ್ಮ ಬಿಡಲಿಲ್ಲ, ನಡುವಿನವನಾದ ಶುನಃಶೇಪ ಹೋದ. ಇಲ್ಲಿ ದ್ವೇಷವಿಲ್ಲ, ಇರುವುದು ಇಬ್ಬರ ಒಲವು. ಅನ್ಯಾಯಕ್ಕೆ ಅಷ್ಟೇ ಸಾಕಾಯಿತು. ಬಡತನ ಮಾಡಿಸಿತು ಎನ್ನಬಹುದು; ಹಸಿವು ಮಾರಲು ಹೇಳಿತೇ ಹೊರತು ಯಾರನ್ನು ಎಂದು ಹೇಳಲಿಲ್ಲ. (ಮಗನನ್ನು ಕಂಬಕ್ಕೆ ಕಟ್ಟಲು ಇನ್ನೂ 100, ಕಡಿಯಲು ಮತ್ತೆ 100 ಕೇಳಿದ್ದಕ್ಕೆ ಆ ನೆಪವೂ ಇಲ್ಲ.) ಒಲವನ್ನು ಅಳೆದು ಹಂಚಲಾದೀತೇ? ಆಗದು. ಆದರೆ ಸಮಯವನ್ನು, ಸರದಿಯನ್ನು ಹಂಚಬಹುದು. ಹಠಮಾರಿ ಮಗು ಅವನ್ನು ಕೇಳಿ ಪಡೆಯುತ್ತದೆ. ಸುಮ್ಮನಿರುವ ಮಗುವಿಗೆ ನಾವೇ ನೆನಪಿಟ್ಟು ಕೊಡಬೇಕು. ಬದುಕುಳಿದ ಶುನಃಶೇಪ ತಂದೆಯ ಪಶ್ಚಾತ್ತಾಪಕ್ಕೆ ಕರಗದೆ ವಿಶ್ವಾಮಿತ್ರನ ಮಗನಾದ. ಅಲ್ಲಿ ಅವನಿಗೆ ಹಿರಿತನ ಸಿಕ್ಕಾಗ ವಿಶ್ವಾಮಿತ್ರನ 50 ಮಕ್ಕಳು ತಿರುಗಿಬಿದ್ದರು.