ಮಲಗಿದವರ ಎದುರು ಆಡುವ ಮಾತು



ಆಸ್ಪತ್ರೆಯಲ್ಲಿ ಮನೆಯ ಹಿರಿಯರು ಪ್ರಜ್ಞೆಯಿಲ್ಲದೆ ಮಲಗಿರುತ್ತಾರೆ. ಮಂಚದ ಪಕ್ಕದಲ್ಲೇ ನಿಂತು ಬಿಲ್ಲು, ಜಾಗದ ಪಾಲು, ಮುಂದೆ ಯಾರು ನೋಡಿಕೊಳ್ಳಬೇಕು ಎಂಬುದೆಲ್ಲ ಮಾತಾಗುತ್ತದೆ. "ಅವರಿಗೆಲ್ಲಿ ಕೇಳಿಸುತ್ತದೆ?" ಎಂಬುದು ನಮ್ಮ ಸಮಾಧಾನ.

ಕೇಳಿಸುತ್ತದೆಯೋ ಇಲ್ಲವೋ ಎಂದು ಅಳೆಯುವ ದಾರಿಯೊಂದಿದೆ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಇಇಜಿ ಎಂದು ಈಗ ಎಲ್ಲರಿಗೂ ಗೊತ್ತು. ಒಂದು ಸದ್ದಿಗೆ ಏಳುವ ಅಲೆ ತೀರಾ ಚಿಕ್ಕದು, ಉಳಿದ ಅಲೆಗಳ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಅದೇ ಸದ್ದನ್ನು ನೂರಾರು ಸಲ ಕೇಳಿಸಿ ಸರಾಸರಿ ತೆಗೆಯುತ್ತಾರೆ. ಹಸುಗೂಸಿನ ಕಿವಿ ಪರೀಕ್ಷಿಸುವ 'ಬೇರಾ' ಇದೇ ಬಗೆಯದು. ಮಗು ಹಾಲು ಕುಡಿದು ಮಲಗಲಿ ಎಂದು ತಾಯಂದಿರನ್ನು ಕಾಯಿಸುವುದು ಇದಕ್ಕಾಗಿಯೇ.

1960ರಲ್ಲಿ ಇಯಾನ್ ಆಸ್ವಾಲ್ಡ್ ಮತ್ತು ಸಂಗಡಿಗರು ನಿದ್ದೆಯಲ್ಲಿದ್ದವರಿಗೆ ಹಲವು ಹೆಸರುಗಳನ್ನು ಕೇಳಿಸಿದರು. ಸ್ವಂತ ಹೆಸರು ಬಂದಾಗ ಮಿದುಳು ಹೆಚ್ಚು ಸ್ಪಂದಿಸಿತು. 2020ರಲ್ಲಿ ಕೆನಡಾದ ವ್ಯಾಂಕೂವರ್‌ನಿಂದ ಇನ್ನೊಂದು ವರದಿ ಬಂತು. ಕೊನೆಯ ಗಳಿಗೆಯಲ್ಲಿದ್ದು, ಕರೆದರೂ ಓಗೊಡದ ಕೆಲವು ರೋಗಿಗಳ ಮಿದುಳು, ಸ್ವರ ಬದಲಾದಾಗ ಆರೋಗ್ಯವಂತರ ಮಿದುಳಿನಂತೆಯೇ ಸ್ಪಂದಿಸಿತ್ತು. ಅವರಿಗೆ ಮಾತು ಅರ್ಥವಾಗುತ್ತಿತ್ತು ಎಂದು ಆ ಸಂಶೋಧಕರು ಹೇಳಲಿಲ್ಲ. ಅಲೆ ಎದ್ದಿತೆಂಬುದಕ್ಕೆ ಅಲೆ ಸಾಕ್ಷಿ, ಅಷ್ಟೇ. ಅದನ್ನು ಹಿಗ್ಗಿಸಿ "ಅಪ್ಪ ಎಲ್ಲ ಕೇಳಿಸಿಕೊಂಡರು" ಎನ್ನುವುದು ನಮ್ಮ ಆಸೆಯ ಮಾತು.

ಹಾಗಾದರೆ ಮಂಚದ ಬಳಿ ನಾಲಿಗೆ ಬಿಗಿಹಿಡಿಯಬೇಕಾದದ್ದು ಈ ಅಲೆಗಳಿಗಾಗಿಯೇ? ನನಗೆ ಹಾಗನಿಸುವುದಿಲ್ಲ. ಯಂತ್ರ ತೋರಿಸಿತೆಂದು ಗೌರವ ಕೊಟ್ಟರೆ, ನಾಳೆ ಯಂತ್ರ ಏನೂ ತೋರಿಸದಿದ್ದಾಗ ಆ ಗೌರವವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ವ್ಯಾಂಕೂವರಿನಲ್ಲೂ ಎಲ್ಲ ರೋಗಿಗಳ ಮಿದುಳು ಒಂದೇ ತೆರನಾಗಿ ಸ್ಪಂದಿಸಿರಲಿಲ್ಲ. ಸ್ಪಂದಿಸದವರ ಎದುರು ಏನು ಬೇಕಾದರೂ ಆಡಬಹುದಿತ್ತೇ? ಕಿವುಡನನ್ನು ಶಪಿಸಕೂಡದೆಂಬ ಕಟ್ಟಳೆ ಯಾಜಕಕಾಂಡದ 19ನೇ ಅಧ್ಯಾಯದಲ್ಲಿದೆ. ಕಿವುಡನಿಗೆ ಶಾಪ ಕೇಳಿಸುವುದೇ ಇಲ್ಲ. ಆದರೂ ಅದು ತಪ್ಪು. ಅಲ್ಲಿ ಕೆಡುವುದು ಆಡಿದವನ ಮತ್ತು ಅವನ ನಡುವಿನ ಸಂಬಂಧ, ಕೇಳಿದವನ ಮನಸ್ಸು ಮಾತ್ರವಲ್ಲ.

ಅಳತೆಯಿಂದ ಉಪಯೋಗವಿಲ್ಲವೆಂದಲ್ಲ. ಹೇಗೆ ಕರೆಯಬೇಕೆಂಬುದಕ್ಕೆ ಅದರಿಂದ ಒಂದು ಸುಳಿವು ಸಿಗುತ್ತದೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ನರ್ಸಮ್ಮ ಕರೆಯುವುದು ಆಧಾರ್ ಕಾರ್ಡಿನ ಹೆಸರು, ಅದೂ ಬೇರೆ ಭಾಷೆಯಲ್ಲಿ. ಎಂಬತ್ತು ವರ್ಷ ಮನೆಯಲ್ಲಿ ಕೇಳಿಕೊಂಡು ಬಂದ ಹೆಸರು ಬೇರೆಯೇ ಇರುತ್ತದೆ. ಅದು ಗೊತ್ತಿರುವುದು ಮನೆಯವರಿಗೆ ಮಾತ್ರ. ಬಿಲ್ಲಿನ ಲೆಕ್ಕ ವರಾಂಡದಲ್ಲಿ ಆಗಲಿ. ಒಳಗೆ ಹೋದವರು ಮೊದಲು ಆ ಹೆಸರು ಹಿಡಿದು, ಕನ್ನಡದಲ್ಲಿ ಕರೆಯಲಿ.